ಪದಕದ ಬೆನ್ನಿನ ಮೂರು ಸಾಲು

ದಾವಣಗೆರೆಯಲ್ಲಿ ಸನ್ಮಾನಗಳಿಗೆ ಬರವಿಲ್ಲ. ಕಾಲೇಜಿನ ವಾರ್ಷಿಕೋತ್ಸವ, ಸಂಘದ ಬೆಳ್ಳಿಹಬ್ಬ, ಮೇಷ್ಟ್ರ ನಿವೃತ್ತಿ, ಕಬಡ್ಡಿ ಪಂದ್ಯಾವಳಿ, ಬಡಾವಣೆಯ ಗಣೇಶೋತ್ಸವದ ರಂಗೋಲಿ ಸ್ಪರ್ಧೆ, ಯಾವುದೇ ಇರಲಿ, ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ನೆನಪಿನ ಕಾಣಿಕೆ ಇರಲೇಬೇಕು. ಆ ಕಾಣಿಕೆಗಳನ್ನು ಮಾಡಿಕೊಡುವುದು ನಮ್ಮ ಮನೆಯ ಕಸುಬು. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಆಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮಲ್ಲಿಗೆ ಬರುವ ಬೇಡಿಕೆ ಸಾಮಾನ್ಯವಾಗಿ ಹೀಗಿರುತ್ತದೆ: "ನೂರು ಶೀಲ್ಡ್ ಬೇಕು ಮೇಡಂ. ಹೆಸರೇನೂ ಬೇಡ. ಮೇಲೆ ‘ನೆನಪಿನ ಕಾಣಿಕೆ’ ಎಂದು ಹಾಕಿ, ಕೆಳಗೆ ನಮ್ಮ ಸಂಘದ ಹೆಸರು ದೊಡ್ಡದಾಗಿ ಬರಲಿ." ಕೊಡುವವರ ಹೆಸರು ಎದ್ದು ಕಾಣಬೇಕು, ಪಡೆಯುವವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಅಂತಹ ಶೀಲ್ಡ್‌ಗಳು ಎಲ್ಲಿಗೆ ಹೋಗಿ ಸೇರುತ್ತವೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಜರಿ ಅಂಗಡಿಯ ಮೂಲೆಯಲ್ಲಿ ನಾವೇ ಮಾಡಿಕೊಟ್ಟ ಫಲಕಗಳು ಗೋಣಿಚೀಲದಲ್ಲಿ ತುಂಬಿಕೊಂಡು ಬಿದ್ದಿದ್ದವು. ಕಟ್ಟು ಬಿಚ್ಚಿದ ಗುರುತೂ ಇರಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ತಂದೆ ಚೌಕಿಪೇಟೆಯ ಪಾತ್ರೆ ಅಂಗಡಿಗಳ ಮುಂದೆ ಕುಳಿತು ಹೆಸರು ಹಾಕುತ್ತಿದ್ದವರು. ಕೈಯಲ್ಲಿ ಒಂದು ಪುಟ್ಟ ಸುತ್ತಿಗೆ, ಒಂದು ಮೊನಚಾದ ಉಳಿ. ಮದುವೆಯ ಬಿಂದಿಗೆ, ತಂಬಿಗೆ, ಹರಿವಾಣ, ಏನು ಕೊಟ್ಟರೂ ಚುಕ್ಕೆಗೆ ಚುಕ್ಕೆ ಸೇರಿಸಿ ಅಕ್ಷರ ಮೂಡಿಸುತ್ತಿದ್ದರು. ಮದುಮಗಳ ಹೆಸರು, ಕೆಳಗೆ ‘ಸೋದರಮಾವನಿಂದ’ ಎಂದು, ಅದರ ಕೆಳಗೆ ತಾರೀಖು. ಅಕ್ಷರಕ್ಕೆ ಇಷ್ಟು ಎಂದು ಕಾಸು. ಉಳಿತಾಯಕ್ಕಾಗಿ ಯಾರಾದರೂ ತಾರೀಖು ಬೇಡವೆಂದರೆ ಕಾಸು ಕೇಳದೆ ತಾವೇ ಹಾಕಿ ಕೊಡುತ್ತಿದ್ದರು. ಯಾರಿಗೆ, ಏತಕ್ಕೆ, ಯಾವಾಗ, ಈ ಮೂರೂ ಇದ್ದರೆ ಅದು ನೆನಪು, ಇಲ್ಲದಿದ್ದರೆ ಬರೀ ಪಾತ್ರೆ ಎನ್ನುವುದು ಅವರ ಲೆಕ್ಕ.

ಈ ಲೆಕ್ಕವನ್ನು ಮುನ್ನೂರು ವರ್ಷಗಳಿಂದ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದ ಒಂದು ಬಳಗವಿದೆ ಎಂದು ನನಗೆ ಗೊತ್ತಾದದ್ದು ಒಬ್ಬ ಗಿರಾಕಿಯಿಂದ. ಅವರು ಪಿ.ಜೆ. ಬಡಾವಣೆಯಲ್ಲಿ ಇರುವ ನಿವೃತ್ತ ಎಂಜಿನಿಯರ್. ಊರಿನಲ್ಲಿ ಹತ್ತಿ ಗಿರಣಿಗಳ ಸದ್ದು ಜೋರಾಗಿದ್ದ ಕಾಲದಲ್ಲಿ ಹುಟ್ಟಿ ಬೆಳೆದವರು, ಕೆಲಸಕ್ಕೆಂದು ಹೊರಗೆ ಹೋಗಿ ಮತ್ತೆ ಇಲ್ಲಿಗೇ ಬಂದು ನೆಲೆಸಿದವರು. ನಾನು ಅವರನ್ನು ಯಜಮಾನರೇ ಎನ್ನುತ್ತೇನೆ, ಅವರು ನನ್ನನ್ನು ತಂಗಿ ಎನ್ನುತ್ತಾರೆ. ಹೊರಗೆ ಇದ್ದ ದಿನಗಳಲ್ಲಿ ಅವರು ಫ್ರೀಮೇಸನ್ ಆಗಿದ್ದರು. ಅವರ ತಂದೆಯೂ ಆಗಿದ್ದರು. ತಮ್ಮ ಲಾಡ್ಜ್‌ನ, ಅಂದರೆ ತಮ್ಮ ಊರಿನ ಮೇಸನ್ನರ ಕೂಟದ, ಸದಸ್ಯರಿಗೆ ಹಂಚಲು ಒಂದು ಹಿತ್ತಾಳೆಯ ಪದಕ ಮಾಡಿಸಬೇಕೆಂದು ಬಂದವರು, ನಮೂನೆಗಾಗಿ ಒಂದು ಮರದ ಪೆಟ್ಟಿಗೆಯನ್ನೇ ತಂದು ನನ್ನ ಮುಂದೆ ತೆರೆದರು.

ಫ್ರೀಮೇಸನ್ ಎಂದರೆ ಗುಟ್ಟಿನ ಸಂಘ, ಒಳಗೆ ಏನೋ ಮಾಟಮಂತ್ರ ನಡೆಯುತ್ತದೆ ಎಂದು ಕೇಳಿದವರೇ ಹೆಚ್ಚು. ಉತ್ತರ ಭಾರತದ ಊರುಗಳಲ್ಲಿ ಅವರ ಕಟ್ಟಡಗಳಿಗೆ ಜನ ‘ಜಾದೂಘರ್’ ಎಂದೇ ಹೆಸರಿಟ್ಟಿದ್ದರಂತೆ. ಇತಿಹಾಸ ಅಷ್ಟೇನೂ ನಿಗೂಢವಲ್ಲ. ಯುರೋಪಿನಲ್ಲಿ ಕಲ್ಲು ಕಡಿದು ಕಟ್ಟುತ್ತಿದ್ದ ಕುಶಲಕರ್ಮಿಗಳ ಕೂಟಗಳಿಂದ ಪದ್ಧತಿ ಮತ್ತು ಪರಿಭಾಷೆಯನ್ನು ತೆಗೆದುಕೊಂಡು, ಕಲ್ಲಿನ ಕೆಲಸ ಗೊತ್ತಿಲ್ಲದವರೂ ಸೇರಿ ಮಾಡಿಕೊಂಡ ಸಹೋದರ ಸಂಘ ಅದು. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಒಂದು ಪಾನಗೃಹದಲ್ಲಿ ಸೇರಿ ತಮ್ಮೆಲ್ಲರ ಮೇಲಿನ ಆಡಳಿತ ಸಂಸ್ಥೆಯಾಗಿ ಮೊದಲ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು ಎಂಬುದು ಅವರಲ್ಲಿ ನಡೆದು ಬಂದ ಮಾತು. 1723ರಲ್ಲಿ ಅವರ ನಿಯಮಗಳು ಅಚ್ಚಾದವು. 1730ರ ಹೊತ್ತಿಗೆ ಕಲ್ಕತ್ತೆಯಲ್ಲಿ ಲಾಡ್ಜ್ ಇತ್ತು. 1884ರ ಫೆಬ್ರವರಿ 19ರಂದು ಅದೇ ಕಲ್ಕತ್ತೆಯ ‘ಆಂಕರ್ ಅಂಡ್ ಹೋಪ್’ ಲಾಡ್ಜ್‌ಗೆ ಸೇರಿದ ನರೇಂದ್ರನಾಥ ದತ್ತ ಎಂಬ ಯುವಕನೇ ಮುಂದೆ ಸ್ವಾಮಿ ವಿವೇಕಾನಂದರಾದರು. ಭಾರತಕ್ಕೆ ತನ್ನದೇ ಗ್ರ್ಯಾಂಡ್ ಲಾಡ್ಜ್ ಬಂದದ್ದು 1961ರ ನವೆಂಬರ್ 24ರಂದು. ರಾಮ್‌ಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ನಮ್ಮ ಯಜಮಾನರ ಪದಕ ಬೇಕಾಗಿದ್ದದ್ದು ಆ ನವೆಂಬರ್ ದಿನದ ಕೂಟಕ್ಕೆ.

ಇತಿಹಾಸ ಅಷ್ಟು ಸಾಕು. ನನ್ನ ಕಣ್ಣು ಇದ್ದದ್ದು ಪೆಟ್ಟಿಗೆಯ ಮೇಲೆ.

ಮೇಲೆ ಮಡಿಸಿಟ್ಟ ಬಿಳಿ ಕುರಿಮರಿ ಚರ್ಮದ ಏಪ್ರನ್, ತಿಳಿನೀಲಿ ಅಂಚಿನದು. ಅದರ ಕೆಳಗೆ ಬಿಳಿ ಕೈಗವಸು, ಒಂದೆರಡು ಕೋಟಿನ ಪಿನ್ನು, ಸಭೆಗೆ ಕರೆಯುವ ಹಳೆಯ ಅಚ್ಚಿನ ಕಾಗದಗಳು, ದಪ್ಪ ತಳದ ಒಂದು ಪುಟ್ಟ ಗಾಜಿನ ಲೋಟ. ತಳದಲ್ಲಿ ಮಕಮಲ್ಲಿನ ಡಬ್ಬಿ, ಅದರೊಳಗೆ ಅವರ ತಂದೆಯ ಬೆಳ್ಳಿ ಪದಕ. ಮೇಸನ್ನರು ಪದಕಕ್ಕೆ ಜ್ಯುವೆಲ್ ಎನ್ನುತ್ತಾರೆ, ಅದರಲ್ಲಿ ವಜ್ರ ವೈಡೂರ್ಯ ಏನೂ ಇರಬೇಕಾಗಿಲ್ಲ. ನಾನು ಅದನ್ನು ಬೆಳಕಿಗೆ ಹಿಡಿದು ಭೂತಗನ್ನಡಿ ಹಾಕಿದೆ. ರಿಬ್ಬನ್ ಅಂಚು ಎಳೆ ಎಳೆಯಾಗಿತ್ತು. ಬೆಳ್ಳಿ ಮಾತ್ರ ಗಟ್ಟಿ. ಹಿಂದೆ ಸಾಸಿವೆ ಕಾಳಿನಷ್ಟು ಗಾತ್ರದ ಮುದ್ರೆಗಳು: ನಡೆಯುತ್ತಿರುವ ಸಿಂಹ ಎಂದರೆ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ, ಲಂಗರು ಎಂದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು, ಪಕ್ಕದ ಅಕ್ಷರ ಪರೀಕ್ಷೆಯಾದ ವರ್ಷಕ್ಕೆ. ಕೆಳಗೆ ತೂಗಾಡುವ ಚಿಕ್ಕ ತಗಡಿನಲ್ಲಿ ಒಂದು ತ್ರಿಕೋನ, ಅದರ ಮೂರು ಬದಿಗಳ ಮೇಲೆ ಮೂರು ಚೌಕ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ ಇದು ಎಂದು ಗುರುತು ಹಿಡಿದಾಗ ಬಹಳ ಖುಷಿಯಾಯಿತು. ಯೂಕ್ಲಿಡನ ಮೊದಲ ಪುಸ್ತಕದ 47ನೇ ಪ್ರಮೇಯ ಅದು, ಒಂದು ವರ್ಷ ಲಾಡ್ಜ್‌ನ ಮಾಸ್ಟರ್, ಅಂದರೆ ಅಧ್ಯಕ್ಷ, ಆಗಿ ಕೆಲಸ ಮುಗಿಸಿದವರ ಗುರುತು. ಕಲ್ಲು ಕಟ್ಟುವವನಿಗೆ ಸರಿಯಾದ ಮೂಲೆ ಹಿಡಿಯುವುದೇ ಮೊದಲ ಪಾಠವಲ್ಲವೇ? ನಮ್ಮಲ್ಲಿಯೂ ಯಜ್ಞವೇದಿಕೆಯ ಅಳತೆಗಾಗಿ ಬೌಧಾಯನ ಇದೇ ಮಾತನ್ನು ಶುಲ್ಬಸೂತ್ರದಲ್ಲಿ ಹೇಳಿದ್ದಾನೆ.

ಪದಕದ ಬೆನ್ನಿಗೆ ಮೂರು ಸಾಲು ಕೈಕೆತ್ತನೆ. ಅವರ ತಂದೆಯ ಹೆಸರು, ಲಾಡ್ಜ್‌ನ ಹೆಸರು ಮತ್ತು ಸಂಖ್ಯೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಮಾಸ್ಟರ್ ಆಗಿ ಸೇವೆ ಸಲ್ಲಿಸಿದ್ದರು ಎಂಬುದು. ಕೆತ್ತಿದವನು ಎಲ್ಲಿ ಉಳಿಯನ್ನು ಒತ್ತಿದ್ದಾನೆ, ಎಲ್ಲಿ ಹಗುರಾಗಿ ಎತ್ತಿದ್ದಾನೆ ಎಂಬುದು ಇಂದಿಗೂ ಕಾಣುತ್ತದೆ. ನನ್ನ ತಂದೆಯ ಮೂರೂ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿತ್ತು.

ಆದರೆ ಪೆಟ್ಟಿಗೆಯಲ್ಲಿ ಇಲ್ಲದೇ ಇದ್ದ ಒಂದು ವಸ್ತುವೇ ನನಗೆ ಹೆಚ್ಚು ಕಲಿಸಿತು. "ಯಜಮಾನರೇ, ಮಾಸ್ಟರ್ ಆಗಿದ್ದಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದದ್ದು ಎಲ್ಲಿ?" ಎಂದು ಕೇಳಿದೆ. ಅವರು ನಕ್ಕರು. "ಅದು ನಮ್ಮಪ್ಪನದ್ದಲ್ಲ ತಂಗಿ, ಲಾಡ್ಜ್‌ನದು. ವರ್ಷ ಮುಗಿದ ದಿನ ಕಳಚಿ ಮುಂದಿನವರ ಕೊರಳಿಗೆ ಹಾಕಬೇಕು. ಇದು ಮಾತ್ರ ಅಪ್ಪನದ್ದು."

ಅವರಲ್ಲಿ ಪ್ರತಿ ಹುದ್ದೆಗೂ ಒಂದು ಚಿಹ್ನೆ. ಮಾಸ್ಟರಿಗೆ ಮೂಲೆಮಟ್ಟ, ಹಿರಿಯ ವಾರ್ಡನ್ನಿಗೆ ಸಮತಟ್ಟು ನೋಡುವ ಮಟ್ಟಗೋಲು, ಕಿರಿಯ ವಾರ್ಡನ್ನಿಗೆ ತೂಗುಗುಂಡು. ಕಾರ್ಯದರ್ಶಿಗೆ ಅಡ್ಡಡ್ಡ ಇಟ್ಟ ಎರಡು ಲೇಖನಿ, ಖಜಾಂಚಿಗೆ ಬೀಗದ ಕೈ, ಕಷ್ಟದಲ್ಲಿರುವ ಸದಸ್ಯರನ್ನು ನೋಡಿಕೊಳ್ಳುವ ಆಮನರ್‌ಗೆ ಚೀಲ, ಹೊರಬಾಗಿಲು ಕಾಯುವ ಟೈಲರ್‌ಗೆ ಖಡ್ಗ. ಇವೆಲ್ಲ ಪಟ್ಟಿಯಲ್ಲಿ ತೂಗಿಬಿಟ್ಟು ಕೊರಳಿಗೆ ಹಾಕುವಂಥವು, ಹುದ್ದೆಯ ಸ್ವತ್ತು. ಒಂದೇ ಮೂಲೆಮಟ್ಟ ಎಷ್ಟೋ ತಲೆಮಾರುಗಳ ಕೊರಳು ದಾಟಿ ಬಂದಿರುತ್ತದೆ. ಹುದ್ದೆ ಬಿಟ್ಟವನಿಗೆ ಎದೆಯ ಮೇಲೆ ಧರಿಸುವ ಬೇರೆ ಪದಕ, ಅದರ ಬೆನ್ನಿಗೆ ಅವನ ಹೆಸರು. ಹುದ್ದೆಗೆ ಸೇರಿದ್ದು ಯಾವುದು, ಮನುಷ್ಯನಿಗೆ ಸೇರಿದ್ದು ಯಾವುದು ಎಂಬುದನ್ನು ಲೋಹದಲ್ಲೇ ಬೇರೆ ಬೇರೆ ಮಾಡಿಟ್ಟ ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚಿದ್ದೇನೆ. ನಮ್ಮ ಊರಿನ ಎಷ್ಟು ಸಂಘಗಳಲ್ಲಿ ಅಧ್ಯಕ್ಷರು ಬದಲಾದಾಗ ಹೊಸಬರಿಗೆ ಒಪ್ಪಿಸುವ ವಸ್ತುವೊಂದು ಇದೆ? ಒಂದು ಮುದ್ರೆ, ಒಂದು ಸುತ್ತಿಗೆ, ಒಂದು ಬೀಗದ ಕೈ? ಇರಬೇಕು ಎಂದು ನನ್ನ ಆಸೆ.

ಪೆಟ್ಟಿಗೆ ನೋಡಲು ಕುಳಿತವಳು ಅವರ ಕೂಟಗಳ ಕಥೆಯನ್ನೂ ಕೇಳಿದೆ. ಅವರು ಹೇಳಬಾರದ್ದನ್ನು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಸಭೆಗೆ ಮುಂಚೆ ಕಾರ್ಯಸೂಚಿಯ ಕಾಗದ ಬರುತ್ತದೆ. ಬಂದವರೆಲ್ಲರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು, ಬೇರೆ ಊರಿನಿಂದ ಬಂದ ಅತಿಥಿ ತನ್ನ ಲಾಡ್ಜ್‌ನ ಸಂಖ್ಯೆಯನ್ನೂ ಬರೆಯಬೇಕು. ಒಳಗೆ ಧರ್ಮ ಮತ್ತು ರಾಜಕೀಯದ ಜಗಳಕ್ಕೆ ಅವಕಾಶವಿಲ್ಲ. ಭಾರತದ ಲಾಡ್ಜ್‌ಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರ್ಸಿಗಳ ಜೆಂದ್ ಅವೆಸ್ತಾ ಒಟ್ಟಿಗೆ ಇರುತ್ತವೆ, ಪ್ರತಿಜ್ಞೆ ಮಾಡುವವರು ತಮ್ಮ ತಮ್ಮ ಗ್ರಂಥದ ಮೇಲೆ ಮಾಡುತ್ತಾರೆ. ಹೊಸದಾಗಿ ಸೇರಿದವರಿಗೆ ಇಪ್ಪತ್ನಾಲ್ಕು ಅಂಗುಲದ ಅಳತೆಗೋಲು, ಸುತ್ತಿಗೆ, ಉಳಿ ತೋರಿಸಿ ಪಾಠ ಹೇಳುತ್ತಾರೆ. ಇಪ್ಪತ್ನಾಲ್ಕು ಅಂಗುಲ ಎಂದರೆ ದಿನದ ಇಪ್ಪತ್ನಾಲ್ಕು ಗಂಟೆ, ಅದನ್ನು ಪ್ರಾರ್ಥನೆಗೆ, ದುಡಿಮೆಗೆ, ಬಿಡುವಿಗೆ, ಕಷ್ಟದಲ್ಲಿರುವವರ ನೆರವಿಗೆ ಹಂಚಿಕೊಳ್ಳಬೇಕು. ಪಕ್ಕದಲ್ಲಿ ಒಂದು ಒರಟು ಕಲ್ಲು, ಒಂದು ನಯವಾಗಿ ಚೌಕ ಮಾಡಿದ ಕಲ್ಲು. ಮೊದಲನೆಯದು ಬಂದಾಗಿನ ಮನುಷ್ಯ, ಎರಡನೆಯದು ಆಗಬೇಕಾದ ಮನುಷ್ಯ. ಮಾತುಗಳನ್ನೆಲ್ಲ ಪುಸ್ತಕ ನೋಡದೆ ಬಾಯಿಪಾಠ ಹೇಳಬೇಕಂತೆ. ಯಜಮಾನರು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆಂದು ಅವರ ಮನೆಯವರು ಒಮ್ಮೆ ಹೇಳಿದ್ದರು.

ಸಭೆಯಲ್ಲಿ ಜೋಳಿಗೆ ಸುತ್ತು ಬರುತ್ತದೆ, ಯಾರು ಎಷ್ಟು ಹಾಕಿದರು ಎಂಬುದು ಪಕ್ಕದವರಿಗೂ ಕಾಣುವುದಿಲ್ಲ. ಆಮೇಲೆ ಊಟ. ಊಟದಲ್ಲಿ ಶುಭ ಕೋರಿ ದಪ್ಪ ತಳದ ಆ ಗಾಜಿನ ಲೋಟಗಳನ್ನು ಒಟ್ಟಿಗೆ ಮೇಜಿಗೆ ಬಡಿಯುವುದು ಹಳೆಯ ರೂಢಿ, ಸದ್ದು ಬಂದೂಕು ಹಾರಿಸಿದಂತೆ ಬರಬೇಕು. ಒಡೆಯಬಾರದೆಂದೇ ತಳ ಅಷ್ಟು ದಪ್ಪ. ಕೊನೆಯ ಶುಭಕಾಮನೆ ಬರಲಾಗದವರಿಗೆ, ಭೂಮಿಯ ಮೇಲೆ ನೀರಿನ ಮೇಲೆ ಎಲ್ಲೆಲ್ಲೋ ಇರುವ ಸಹೋದರರಿಗೆ. ಅದನ್ನು ಹೇಳುವವನು ಬಾಗಿಲು ಕಾಯುವ ಟೈಲರ್.

"ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲವೇ?" ಎಂದು ನೇರವಾಗಿಯೇ ಕೇಳಿದೆ. ತಮ್ಮ ಲಾಡ್ಜ್‌ಗೆ ಇಲ್ಲ, ಕುಟುಂಬದ ಕೂಟಗಳಿಗೆ ಮಾತ್ರ ಬರಬಹುದು ಎಂದರು. ಇದನ್ನು ನಾನು ಒಪ್ಪುವುದಿಲ್ಲ, ಅವರಿಗೂ ಹಾಗೆಯೇ ಹೇಳಿದೆ. ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿಕೊಳ್ಳುವ ಮೇಸನಿಕ್ ಸಂಸ್ಥೆ 1893ರಲ್ಲೇ ಪ್ಯಾರಿಸ್ಸಿನಲ್ಲಿ ಹುಟ್ಟಿದೆ. 1902ರಲ್ಲಿ ಅದನ್ನು ಸೇರಿದ ಆನಿ ಬೆಸೆಂಟ್ ಭಾರತಕ್ಕೂ ಅದನ್ನು ತಂದರು. 1908ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಮುಂದೆ ಹೆಂಗಸರದ್ದೇ ಆದ ಬೇರೆ ಸಂಘವೂ ಇದೆ. ಮುಖ್ಯವಾಹಿನಿಯ ಗ್ರ್ಯಾಂಡ್ ಲಾಡ್ಜ್‌ಗಳು ಇವನ್ನು ತಮ್ಮ ಬಳಗದೊಳಗೆ ಎಣಿಸುವುದಿಲ್ಲ. ಎಣಿಸಬೇಕಿತ್ತು. ಅವರ ಚಿಹ್ನೆಗಳನ್ನು ಕೆತ್ತುವ ಕೈಗೆ ಬಳೆ ಇರಬಹುದಾದರೆ ಅವನ್ನು ಧರಿಸುವ ಕೊರಳಿನಲ್ಲಿ ತಾಳಿ ಇರಲು ಏನು ಅಡ್ಡಿ?

ಆ ಮಾತಿನಿಂದ ನಮ್ಮ ಕೆಲಸ ನಿಲ್ಲಲಿಲ್ಲ. ಯಜಮಾನರು ನನಗೆ ಓದಲು ಕೊಟ್ಟದ್ದನ್ನೆಲ್ಲ ಓದಿದೆ, ಸಿಕ್ಕ ಚಿತ್ರಗಳನ್ನೆಲ್ಲ ನೋಡಿದೆ. ಮೇಸನ್ನರ ನೆನಪಿನ ವಸ್ತುಗಳಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟವು ಎರಡು.

ಒಂದು ಲಂಡನ್ನಿನ ‘ಹಾಲ್ ಸ್ಟೋನ್ ಜ್ಯುವೆಲ್’. ಮೊದಲ ಮಹಾಯುದ್ಧದಲ್ಲಿ ಪ್ರಾಣ ಕಳೆದುಕೊಂಡ 3,225 ಸದಸ್ಯರ ಸ್ಮಾರಕವಾಗಿ 1927ರಿಂದ 1933ರವರೆಗೆ ಅಲ್ಲಿ ಫ್ರೀಮೇಸನ್ಸ್ ಹಾಲ್ ಎಂಬ ಭವನ ಕಟ್ಟಿದರು. ಹಣ ಕೂಡಿಸಲು ಒಂದು ನಿಧಿ. ಹತ್ತು ಗಿನಿ (ಇಂಗ್ಲೆಂಡಿನ ಹಳೆಯ ಹಣದ ಲೆಕ್ಕ) ಅಥವಾ ಹೆಚ್ಚು ಕೊಟ್ಟವರಿಗೆ ಒಂದು ಪದಕ, ಸದಸ್ಯರ ತಲೆಗೆ ಸರಾಸರಿ ಹತ್ತು ಗಿನಿಯಂತೆ ಕೂಡಿಸಿದ ಲಾಡ್ಜ್‌ಗೆ ಇನ್ನೊಂದು. ವ್ಯಕ್ತಿಗೆ ಸಿಕ್ಕಿದ್ದು ಅವನ ಎದೆಯ ಮೇಲೆ, ಲಾಡ್ಜ್‌ಗೆ ಸಿಕ್ಕಿದ್ದು ಮಾಸ್ಟರ್ ಯಾರೇ ಆಗಿರಲಿ ಅವರ ಕೊರಳಲ್ಲಿ. ಇಲ್ಲಿಯೂ ಮತ್ತೆ ಅದೇ ವಿಂಗಡಣೆ. ಸಿರಿಲ್ ಸ್ಪ್ಯಾಕ್‌ಮನ್ ಎಂಬ ಕಲಾವಿದ ರೂಪಿಸಿದ ಶಿಲುಬೆಯಾಕಾರದ ಪದಕ ಅದು. ನಡುವೆ ರೆಕ್ಕೆಯುಳ್ಳ ಶಾಂತಿಯ ಮೂರ್ತಿ ಒಂದು ದೇಗುಲವನ್ನು ಹಿಡಿದು ನಿಂತಿದೆ, ಎರಡು ತೋಳುಗಳಲ್ಲಿ 1914 ಮತ್ತು 1918. ಸೈನ್ಯದ ಚಿತ್ರವಿಲ್ಲ, ಆಯುಧವಿಲ್ಲ. ದಾನ ಮಾಡಿದವರಿಗೆ ಕೊಟ್ಟ ಪದಕವಾದರೂ ಅದು ದಾನಿಯನ್ನು ಹೊಗಳುವುದಿಲ್ಲ, ಸತ್ತವರ ವರ್ಷಗಳನ್ನು ನೆನಪಿಸುತ್ತದೆ.

ಇನ್ನೊಂದು ಇದಕ್ಕಿಂತ ನೂರು ವರ್ಷಕ್ಕೂ ಹಳೆಯದು. ನೆಪೋಲಿಯನ್ನನ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚ್ ಸೈನಿಕರನ್ನು ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ದರು. ಅವರು ಊಟದಲ್ಲಿ ಮಿಕ್ಕ ಮೂಳೆ, ಹುಲ್ಲು, ಕಾಗದದ ಚೂರುಗಳಿಂದ ಆಟಿಕೆ, ಡಬ್ಬಿ, ಹಡಗು ಮಾಡಿ ಮಾರುತ್ತಿದ್ದರು. ಅದೇ ಮೂಳೆಯಲ್ಲಿ ಮೇಸನಿಕ್ ಪದಕಗಳನ್ನೂ ಕೆತ್ತಿದರು. ಕೈವಾರ, ಮೂಲೆಮಟ್ಟ, ಕಂಬ, ಸೂರ್ಯ, ಚಂದ್ರ, ಏಣಿ, ಎಲ್ಲವೂ ಉಗುರಿನಗಲದ ಮೂಳೆಯ ಚೂರುಗಳು, ಅವನ್ನು ಜೋಡಿಸಿ ಗಡಿಯಾರದ ಗಾಜಿನ ಕೆಳಗೆ ಕೂರಿಸಿದ್ದಾರೆ. ಮೂಳೆಯಲ್ಲಿ ಇಷ್ಟು ಸಣ್ಣ ಕೆಲಸ ಮಾಡುವುದು ಎಂಥ ಕಷ್ಟ ಎಂಬುದು ಉಳಿ ಹಿಡಿದವರಿಗೆ ಗೊತ್ತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಸೀಳುತ್ತದೆ. ಆ ಚಿತ್ರವನ್ನು ನಾನು ದೊಡ್ಡದು ಮಾಡಿ ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ.

ದಾನಕ್ಕೆ ಸಂಬಂಧಿಸಿದ ಪದಕಗಳದ್ದೂ ಒಂದು ದೊಡ್ಡ ಸಂಸಾರ. 1788ರಲ್ಲಿ ರಸ್ಪೀನಿ ಎಂಬ ಇಟಲಿ ಮೂಲದ ದಂತವೈದ್ಯ ಲಂಡನ್ನಿನಲ್ಲಿ ಮೇಸನ್ನರ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ಹುಟ್ಟುಹಾಕಿದ. ಅದಕ್ಕೂ, ಆಮೇಲೆ ಬಂದ ಗಂಡುಮಕ್ಕಳ ಶಾಲೆಗೂ, ವೃದ್ಧರ ನಿಧಿಗೂ ಚಂದಾ ಎತ್ತಿದ ಉಸ್ತುವಾರಿಗಳಿಗೆ ವರ್ಷ ನಮೂದಿಸಿದ ಪದಕ ಕೊಡುತ್ತಿದ್ದರು. ಹಾಗೆಯೇ ನೂರು ವರ್ಷ ನಿರಂತರವಾಗಿ ನಡೆದ ಲಾಡ್ಜ್‌ನ ಸದಸ್ಯರಿಗೆ ಶತಮಾನದ ಪದಕ ಧರಿಸುವ ಅನುಮತಿ ಸಿಗುತ್ತದೆ.

ಮೇಸನ್ನರಲ್ಲೇ ‘ಮಾರ್ಕ್’ ಎಂಬ ಒಂದು ಶಾಖೆಯಿದೆ, ಅದಕ್ಕೆ 1856ರಲ್ಲಿ ಲಂಡನ್ನಿನಲ್ಲಿ ಪ್ರತ್ಯೇಕ ಗ್ರ್ಯಾಂಡ್ ಲಾಡ್ಜ್ ಆಯಿತು. ಅಲ್ಲಿ ಪ್ರತಿಯೊಬ್ಬನೂ ಗೆರೆಗಳಿಂದಾದ ತನ್ನದೇ ಗುರುತೊಂದನ್ನು ಆರಿಸಿಕೊಂಡು ಪುಸ್ತಕದಲ್ಲಿ ದಾಖಲಿಸಬೇಕು. ತಾನು ಕಡಿದ ಕಲ್ಲು ಯಾವುದೆಂದು ತೋರಿಸಿ ಕೂಲಿ ಪಡೆಯಲು ಹಿಂದಿನ ಕಲ್ಲುಕುಟಿಗರು ಹಾಕುತ್ತಿದ್ದ ಗುರುತಿನ ಮುಂದುವರಿಕೆ ಇದು. ಅವರು ಹಂಚುವ ತಾಮ್ರದ ಬಿಲ್ಲೆಯಲ್ಲಿ ಆ ಗುರುತಿಗೆಂದೇ ಜಾಗ ಬಿಟ್ಟಿರುತ್ತಾರೆ.

ಇದನ್ನು ಓದಿದಾಗ ನಮ್ಮ ಕಡೆಯ ಕಲ್ಲುಗಳು ನೆನಪಾಗದೆ ಇರುತ್ತವೆಯೇ? ಚಿತ್ರದುರ್ಗದ ಕೋಟೆಯಲ್ಲಿ ಬಂಡೆ ಸೀಳಲು ಸಾಲಾಗಿ ಹೊಡೆದ ಚೌಕುಳಿ ಗುಳಿಗಳು ಇಂದಿಗೂ ಕಾಣುತ್ತವೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಏಳು ಸುತ್ತು ಕಟ್ಟಿದವರ ಹೆಸರು ನಾನು ನೋಡಿದ ಯಾವ ಕಲ್ಲಿನ ಮೇಲೂ ಇಲ್ಲ. ಊರಿನ ಪಕ್ಕದ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಮಾಡಿಸಿದನೆಂದು ಪ್ರಾಕೃತದಲ್ಲಿ ಕೆಲವೇ ಸಾಲು ಬರೆಸಿದ್ದಾನೆ. ಯಾರು, ಏನು ಎಂಬುದಿದೆ, ವರ್ಷವಿಲ್ಲ. ಲಿಪಿ ನೋಡಿ ನಾಲ್ಕನೇ ಶತಮಾನದ್ದೆಂದು ವಿದ್ವಾಂಸರು ಹೇಳಬೇಕಾಯಿತು. ಹರಿಹರದಲ್ಲಿ ಹಾಗಲ್ಲ. ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದನೆಂದು ಶಾಸನವೇ ಹೇಳುತ್ತದೆ. ಹೊಯ್ಸಳರ ಶಿಲ್ಪಿಗಳಂತೂ ಮೂರ್ತಿಯ ಪೀಠದಲ್ಲಿ ತಮ್ಮ ಹೆಸರನ್ನೇ ಕೆತ್ತಿಕೊಂಡರು, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಇನ್ನು ವೀರಗಲ್ಲುಗಳಿಗಿಂತ ದೊಡ್ಡ ಸ್ಮರಣಿಕೆ ಯಾವುದಿದೆ? ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೇ ಶತಮಾನದ ಗಂಗರ ಕಾಲದಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಹೆಸರು ಬರೆಸಿದ್ದಾರೆ. ನಾಯಿಗೂ ಹೆಸರಿಟ್ಟು ನೆನೆದ ನಾಡಿನಲ್ಲಿ ಮನುಷ್ಯರಿಗೆ ಹೆಸರಿಲ್ಲದ ಶೀಲ್ಡ್ ಕೊಡುತ್ತಿದ್ದೇವಲ್ಲ ಎಂಬುದು ನನ್ನ ಸಂಕಟ.

ಯಜಮಾನರು ಮೊದಲು ಕೇಳಿದ್ದೂ ಎಲ್ಲರಿಗೂ ಒಂದೇ ಬಗೆಯ ಪದಕವನ್ನೇ. ಮುಂದೆ ಚಿಹ್ನೆ, ಹಿಂದೆ ಇಂಗ್ಲಿಷಿನಲ್ಲಿ ಲಾಡ್ಜ್‌ನ ಹೆಸರು, ಅಷ್ಟೆ. ನಾನು ಅವರ ತಂದೆಯ ಪದಕವನ್ನು ತಿರುಗಿಸಿ ಅವರ ಮುಂದೆಯೇ ಇಟ್ಟೆ. "ಇದರ ಬೆನ್ನಿನಲ್ಲಿ ಲಾಡ್ಜ್ ಹೆಸರು ಮಾತ್ರ ಇದ್ದಿದ್ದರೆ ನೀವು ಇಷ್ಟು ವರ್ಷ ಇದನ್ನು ಮಕಮಲ್ಲಿನಲ್ಲಿ ಇಡುತ್ತಿದ್ದಿರಾ ಯಜಮಾನರೇ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪ್ರತಿಯೊಬ್ಬರ ಹೆಸರು, ಅವರು ಮಾಡಿದ ಒಂದು ಕೆಲಸ, ವರ್ಷ, ಇಷ್ಟನ್ನೂ ಕನ್ನಡದಲ್ಲಿ ಹಾಕೋಣ, ಹಿಂಭಾಗದ ಕೈಕೆಲಸಕ್ಕೆ ಕೂಲಿ ಕಡಿಮೆ ಮಾಡುತ್ತೇನೆ ಎಂದೆ. ಪಟ್ಟಿ ತರುತ್ತೇನೆಂದು ಹೋದರು.

ಆ ಪಟ್ಟಿ ತಯಾರಾಗಲು ಪದಕ ತಯಾರಿಸುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಅಂಗಡಿಯ ಸ್ಟೂಲಿನ ಮೇಲೆ ಕುಳಿತೇ ಫೋನ್ ಮಾಡುತ್ತಿದ್ದರು. ಹೆಸರು ಸುಲಭ, ವರ್ಷವೂ ಹಾಜರಿ ಪುಸ್ತಕದಲ್ಲಿ ಇದೆ. ಇವರು ಏನು ಮಾಡಿದರು ಎಂಬುದನ್ನು ಒಂದೇ ಸಾಲಿನಲ್ಲಿ ಹೇಳುವುದು ಕಷ್ಟ. ಬರುಬರುತ್ತಾ ಒಂದೊಂದೇ ಸಾಲು ಸಿಕ್ಕಿತು. ಕಣ್ಣಿನ ಶಿಬಿರಗಳ ಲೆಕ್ಕ ಬರೆದವರು. ಆಸ್ಪತ್ರೆಯಲ್ಲಿರುವ ಸದಸ್ಯರನ್ನು ತಪ್ಪದೆ ನೋಡಿಬಂದವರು. ಗತಿಸಿದ ಸದಸ್ಯನ ಮಗಳ ಕಾಲೇಜು ಶುಲ್ಕ ಕಟ್ಟಿದವರು, ಆದರೆ ಅದನ್ನು ಬರೆಯಬಾರದೆಂದು ಅವರೇ ಹೇಳಿದ್ದರಿಂದ ‘ಮಾತು ಉಳಿಸಿಕೊಂಡವರು’ ಎಂದಷ್ಟೇ ಹಾಕಿದೆವು. ಹೊಸಬರಿಗೆ ಪಾಠ ಬಾಯಿಗೆ ಬರುವಂತೆ ಹೇಳಿಕೊಟ್ಟವರು. ಇನ್ನೊಬ್ಬರು ಹಲವು ವರ್ಷ ಟೈಲರ್ ಆಗಿದ್ದವರು. ಸಭೆ ಒಳಗೆ ನಡೆಯುತ್ತಿದ್ದಷ್ಟೂ ಹೊತ್ತು ಖಡ್ಗ ಹಿಡಿದು ಬಾಗಿಲ ಹೊರಗೇ ಇದ್ದವರು. ‘ಒಳಗಿನವರಿಗಾಗಿ ಹೊರಗೆ ಕುಳಿತವರು’ ಎಂದು ಯಜಮಾನರು ಬರೆಸಿದರು. ಈವರೆಗೆ ನಾನು ಕೆತ್ತಿದ ಸಾಲುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು.

ಪದಕ ಎರಡೂವರೆ ಅಂಗುಲ ಅಗಲದ, ಮೂರು ಮಿಲಿಮೀಟರ್ ದಪ್ಪದ ಹಿತ್ತಾಳೆ ಬಿಲ್ಲೆ. ಮುಂಭಾಗದ ಮೂಲೆಮಟ್ಟ ಮತ್ತು ಕೈವಾರವನ್ನು ಲೇಸರ್ ಯಂತ್ರದಲ್ಲಿ ಆಳವಾಗಿ ತೆಗೆದು ಕಪ್ಪು ಬಣ್ಣ ತುಂಬಿದೆವು. ಇದರಲ್ಲಿ ಒಂದು ಸೂಕ್ಷ್ಮವಿದೆ, ಮುಂದೆ ಯಾರಾದರೂ ಮಾಡುವವರಿಗೆ ಉಪಯೋಗವಾಗಲೆಂದು ಬರೆಯುತ್ತೇನೆ. ಕೈವಾರದ ಎರಡು ಮೊನೆಗಳು ಮೂಲೆಮಟ್ಟದ ಮೇಲೆ ಇವೆಯೋ ಕೆಳಗೆ ಇವೆಯೋ ಎಂಬುದು ಮುಖ್ಯ. ಎರಡೂ ಕೆಳಗೆ ಮರೆಯಾಗಿದ್ದರೆ ಸದಸ್ಯತ್ವದ ಮೊದಲ ಹಂತ, ಒಂದು ಮೇಲೆ ಬಂದರೆ ಎರಡನೆಯದು, ಎರಡೂ ಮೇಲೆ ಇದ್ದರೆ ಮೂರನೆಯ ಹಂತ ದಾಟಿದವರು. ನಾವು ಎರಡನ್ನೂ ಮೇಲೆ ಇಟ್ಟೆವು. ನಡುವೆ ಇಂಗ್ಲಿಷಿನ ‘ಜಿ’ ಅಕ್ಷರ ಇಡುವುದು ಅಮೆರಿಕದಲ್ಲಿ ಹೆಚ್ಚು, ಯಜಮಾನರು ಬೇಡವೆಂದರು.

ಹಿಂಭಾಗಕ್ಕೆ ಯಂತ್ರ ಮುಟ್ಟಿಸಲಿಲ್ಲ. ಸುಣ್ಣದ ಪುಡಿ ಸವರಿ, ಪೆನ್ಸಿಲಿನಲ್ಲಿ ಮೂರು ಗೆರೆ ಎಳೆದು, ಅಕ್ಷರ ಬರೆದು, ತಂದೆಯ ಉಳಿಯಲ್ಲೇ ಹೊಡೆದೆ. ಇಂಗ್ಲಿಷ್ ಅಕ್ಷರ ನೇರ ಗೆರೆಗಳಲ್ಲಿ ಬೇಗ ಮುಗಿಯುತ್ತದೆ. ಕನ್ನಡದ್ದು ದುಂಡು. ‘ಳ’ ಬಂದರೆ ಬಿಲ್ಲೆಯನ್ನೇ ಬೆರಳಿನಲ್ಲಿ ಮೆಲ್ಲಗೆ ತಿರುಗಿಸುತ್ತಾ ಉಳಿಯನ್ನು ಒಂದೇ ಕಡೆ ಹಿಡಿಯಬೇಕು, ಇಲ್ಲದಿದ್ದರೆ ಸುರುಳಿ ಒಡೆಯುತ್ತದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡದಿದ್ದರೆ ಮುಂದಿನ ಸಾಲಿಗೆ ತಾಗುತ್ತದೆ. ಒಬ್ಬರ ಹೆಸರಿನಲ್ಲಿ ‘ಕೃಷ್ಣಸ್ವಾಮಿ’ ಬಂದು, ಅದೊಂದಕ್ಕೇ ಅರ್ಧ ಮಧ್ಯಾಹ್ನ ಹೋಯಿತು. ಆ ಮಧ್ಯಾಹ್ನಕ್ಕೆ ಕೂಲಿ ಗಿಟ್ಟಲಿಲ್ಲ, ನನಗೆ ಅದರ ಚಿಂತೆಯೂ ಇರಲಿಲ್ಲ.

ಪದಕಗಳು ಹೋಗಿ ಸೇರಿದವು. ಈಗ ನಮ್ಮ ಅಂಗಡಿಯಲ್ಲಿ ಬೇಡಿಕೆ ಬರೆದುಕೊಳ್ಳುವ ಚೀಟಿಯಲ್ಲೇ ಮೂರು ಖಾಲಿ ಸಾಲು ಅಚ್ಚು ಹಾಕಿಸಿದ್ದೇನೆ. ತುಂಬಿಸಿಕೊಟ್ಟವರಿಗೆ ಆ ಅಕ್ಷರಗಳಿಗೆ ಹಣ ತೆಗೆದುಕೊಳ್ಳುವುದಿಲ್ಲ. ಹಲವರು ಇನ್ನೂ ಖಾಲಿ ಬಿಟ್ಟೇ ಕೊಡುತ್ತಾರೆ. ಕೆಲವು ಶಾಲೆಗಳು ಮಾತ್ರ ಮಕ್ಕಳ ಹೆಸರು, ಆಟ, ವರ್ಷ ಬರೆದು ಕಳಿಸಲು ಆರಂಭಿಸಿವೆ.

ದಾವಣಗೆರೆ, ಚಿತ್ರದುರ್ಗದ ಹಳೆಯ ಮನೆಗಳಲ್ಲಿ, ಅದರಲ್ಲೂ ಗಿರಣಿ, ರೈಲ್ವೆ, ಗಣಿ, ಸೈನ್ಯದಲ್ಲಿ ದುಡಿದವರ ಪೆಟ್ಟಿಗೆಗಳಲ್ಲಿ, ಕೈವಾರ ಮತ್ತು ಮೂಲೆಮಟ್ಟದ ಪದಕ ಸಿಕ್ಕರೂ ಸಿಗಬಹುದು. ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಎನಾಮಲ್ ಬಣ್ಣ ಏಳುತ್ತದೆ, ಚಿನ್ನದ ಲೇಪ ಹೋಗುತ್ತದೆ, ಸಣ್ಣ ಮುದ್ರೆಗಳು ಸವೆದು ಓದಲು ಬಾರದಂತೆ ಆಗುತ್ತವೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ರಿಬ್ಬನ್ ಹರಿದಿದ್ದರೂ ಕತ್ತರಿಸದೆ ಹಾಗೆಯೇ ಇಡಿ. ಬೆಳ್ಳಿಯ ತೂಕಕ್ಕೆ ಮಾರುವ ಮೊದಲು ತಿರುಗಿಸಿ ಹಿಂಭಾಗ ಓದಿ. ಮನುಷ್ಯನ ಹೆಸರಿದ್ದರೆ ಅದು ನಿಮ್ಮ ಮನೆಯದು, ಮಕ್ಕಳಿಗೆ ತೋರಿಸಿ. ಹೆಸರಿಲ್ಲದೆ ಲಾಡ್ಜ್‌ನ ಸಂಖ್ಯೆ ಮಾತ್ರ ಇದ್ದು, ಅಗಲವಾದ ಪಟ್ಟಿಯಲ್ಲಿ ಕೊರಳಿಗೆ ಹಾಕುವಂತಿದ್ದರೆ ಅದು ಹುದ್ದೆಯದಾಗಿರುವುದೇ ಹೆಚ್ಚು. ಆ ಸಂಖ್ಯೆಯನ್ನು ಬರೆದುಕೊಂಡು ದೆಹಲಿಯ ಗ್ರ್ಯಾಂಡ್ ಲಾಡ್ಜ್‌ಗೆ ಒಂದು ಪತ್ರ ಹಾಕಿ. ಆ ಲಾಡ್ಜ್ ಇನ್ನೂ ನಡೆಯುತ್ತಿದ್ದರೆ ಅದನ್ನು ಧರಿಸಬೇಕಾದವರು ಈ ವರ್ಷವೂ ಒಬ್ಬರು ಇರುತ್ತಾರೆ.